ದಿನದ ಲೆಕ್ಕ ಯಾರ ಗೋಡೆಯ ಮೇಲಿರಬೇಕು?

"ಸರ್ರೀ, ಎಲ್ಲಾ ಮೊಬೈಲಿನ್ಯಾಗ ಐತಿ. ಮತ್ಯಾಕ್ರೀ ಗ್ವಾಡಿಗೆ ಕ್ಯಾಲೆಂಡರ್?"

ಕುಷ್ಟಗಿಯಲ್ಲಿ ನಾನು ಕನ್ನಡ ಪಾಠ ಹೇಳುವ ತರಗತಿಯೊಂದರಲ್ಲಿ, ಪ್ರಬಂಧಕ್ಕೆ ಕೊಟ್ಟಿದ್ದ ವಿಷಯವನ್ನು ಕೇಳಿ ಒಬ್ಬ ಹುಡುಗ ಎತ್ತಿದ ಪ್ರಶ್ನೆ ಇದು. ತರಗತಿ ನಕ್ಕಿತು. ಉಳಿದವರು ಬರೆದುಕೊಟ್ಟ ಪ್ರಬಂಧಗಳಲ್ಲಿ ಹೆಚ್ಚಿನವು ಹೊಸ ಹಾಳೆಯ ವಾಸನೆ, ತಿಂಗಳ ಮೊದಲ ದಿನ ಅಜ್ಜ ಹಾಳೆ ಮಗುಚುತ್ತಿದ್ದ ಸಂಭ್ರಮ, ಕಳೆದುಹೋದ ಬಾಲ್ಯ ಇತ್ಯಾದಿಗಳನ್ನು ಕುರಿತಾಗಿದ್ದವು. ಹತ್ತೊಂಬತ್ತು ವರ್ಷದವರು ಬಾಲ್ಯಕ್ಕಾಗಿ ಇಷ್ಟೊಂದು ಮರುಗುವುದನ್ನು ಓದಿ ನನಗೇ ಸಂಕೋಚವಾಯಿತು. ಕಾಗದ ಒಳ್ಳೆಯದು, ಮೊಬೈಲು ಕೆಟ್ಟದ್ದು ಎಂದು ಬರೆದರೆ ಮೇಷ್ಟ್ರು ಅಂಕ ಕೊಡುತ್ತಾರೆಂದು ಅವರಿಗೆ ಯಾರು ಹೇಳಿಕೊಟ್ಟರೋ ಗೊತ್ತಿಲ್ಲ. ಪ್ರಶ್ನೆ ಕೇಳಿದ ಹುಡುಗನೊಬ್ಬನೇ ವಿಷಯದ ಬುಡಕ್ಕೆ ಕೈ ಹಾಕಿದ್ದ. ಅವನ ಪ್ರಶ್ನೆಗೆ ನೆನಪುಗಳನ್ನು ಉತ್ತರವಾಗಿ ಕೊಡಲಾಗದು. ಎಲ್ಲ ಮೊಬೈಲಿನಲ್ಲಿದೆ ಎಂಬುದು ನಿಜವೇ ಆಗಿದ್ದರೆ ಗೋಡೆಯ ಮೊಳೆಯನ್ನು ಕಿತ್ತು ಹಾಕುವುದೇ ಸರಿ.

ಮೊದಲು ಅಚ್ಚಾಗಿ ಬರುವುದನ್ನೇ ನೋಡೋಣ. ಡಿಸೆಂಬರ್ ಕೊನೆಯ ವಾರ ಕೊಪ್ಪಳದ ಪೇಟೆಯಲ್ಲಿ ಸುತ್ತಿದರೆ ಕ್ಯಾಲೆಂಡರಿಗೆ ಬರವಿಲ್ಲ. ಗೊಬ್ಬರದ ಅಂಗಡಿ, ಬಂಗಾರದ ಅಂಗಡಿ, ಸಹಕಾರಿ ಬ್ಯಾಂಕು, ಮುಂದಿನ ಚುನಾವಣೆಗೆ ನಿಲ್ಲಬೇಕೆಂದಿರುವ ಮುಖಂಡರು, ಎಲ್ಲರೂ ಪುಕ್ಕಟೆ ಕೊಡುತ್ತಾರೆ. ಆದರೂ ಜನ ದುಡ್ಡು ಕೊಟ್ಟು ಇನ್ನೊಂದನ್ನು ಕೊಳ್ಳುತ್ತಾರೆ. ನಮ್ಮ ಕಡೆಯ ಮನೆಗಳಲ್ಲಿ ಗದಗಿನ ಶಾಬಾದಿಮಠದವರ ಕ್ಯಾಲೆಂಡರು ಕಾಣುತ್ತದೆ. 1973ರಲ್ಲಿ ಜಯಂತರಾವ್ ಸಾಳಗಾಂವಕರ್ ಮರಾಠಿಯಲ್ಲಿ ಶುರುಮಾಡಿದ 'ಕಾಲನಿರ್ಣಯ'ದ ಕನ್ನಡ ಆವೃತ್ತಿಯೂ ಕಾಣುತ್ತದೆ. ಹಳೆ ಮೈಸೂರಿನವರಿಗೆ 1921ರಿಂದ ಬರುತ್ತಿರುವ ಬೆಂಗಳೂರು ಪ್ರೆಸ್ಸಿನ ಕ್ಯಾಲೆಂಡರೇ ಕ್ಯಾಲೆಂಡರು. ಇವುಗಳ ಒಂದೊಂದು ಚೌಕದಲ್ಲಿಯೂ ನಾಲ್ಕಾರು ಕಾಲಗಳು ಒಟ್ಟಿಗೆ ಕೂತಿರುತ್ತವೆ. ಇಂಗ್ಲಿಷ್ ತಾರೀಖು ದಪ್ಪಗೆ, ಅದರ ಬದಿಗೆ ತಿಥಿ, ನಕ್ಷತ್ರ, ಮಳೆಯ ಹೆಸರು, ಎಲ್ಲೋ ಮೂಲೆಯಲ್ಲಿ ಮೊಹರಂ ಅಥವಾ ರಂಜಾನಿನ ಚಂದ್ರ, ಸರ್ಕಾರಿ ರಜೆಯಾದರೆ ಕೆಂಪು.

ಇಷ್ಟೂ ನಮಗೆ ಬೇಕು, ಏಕೆಂದರೆ ನಾವು ಒಂದೇ ಕಾಲದಲ್ಲಿ ಬದುಕುತ್ತಿಲ್ಲ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ತೇರು ಎಳೆಯುವುದು ಪುಷ್ಯ ಬಹುಳ ಬಿದಿಗೆಗೆ. 2023ರಲ್ಲಿ ಅದು ಜನವರಿ 8ಕ್ಕೆ ಬಂತು, 2024ರಲ್ಲಿ ಜನವರಿ 27ಕ್ಕೆ, 2025ರಲ್ಲಿ ಜನವರಿ 15ಕ್ಕೆ. ಎರಡು ಜಾತ್ರೆಗಳ ನಡುವೆ ಒಮ್ಮೆ 384 ದಿನ, ಇನ್ನೊಮ್ಮೆ 354 ದಿನ. ಮೊದಲ ಅಂತರ ಹಿಗ್ಗಿದ್ದು 2023ರಲ್ಲಿ ಅಧಿಕ ಶ್ರಾವಣ ಬಂದದ್ದರಿಂದ. ಚಾಂದ್ರಮಾನ ವರ್ಷ ಸೂರ್ಯನ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಎರಡೂವರೆ ಮೂರು ವರ್ಷಕ್ಕೊಮ್ಮೆ ಒಂದು ತಿಂಗಳು ಸೇರಿಸಿ ಅದನ್ನು ಎಳೆದು ತರುತ್ತಾರೆ. ಹಿಜರಿ ವರ್ಷಕ್ಕೆ ಈ ಸೇರಿಸುವ ಪದ್ಧತಿಯಿಲ್ಲ, ಹಾಗಾಗಿ ನಮ್ಮ ಹಳ್ಳಿಗಳ ಅಲಾಯಿ ಹಬ್ಬ ಒಮ್ಮೆ ಬೇಸಿಗೆಗೆ, ಒಮ್ಮೆ ಮಳೆಗಾಲಕ್ಕೆ, ಒಮ್ಮೆ ಚಳಿಗೆ ಬಂದು ಹೋಗುತ್ತದೆ. ಇಡೀ ದೇಶಕ್ಕೆ ಒಂದೇ ಕಾಲಗಣನೆ ಇರಲೆಂದು ಮೇಘನಾದ ಸಹಾ ಅವರ ಅಧ್ಯಕ್ಷತೆಯ ಸಮಿತಿ ಲೆಕ್ಕ ಹಾಕಿ, 1957ರ ಮಾರ್ಚ್ 22ರಿಂದ ಶಕ ವರ್ಷದ ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂತು. ಅದನ್ನು ನೋಡಿ ಮದುವೆ ನಿಶ್ಚಯಿಸಿದವರನ್ನು ನಾನಂತೂ ಕಂಡಿಲ್ಲ.

ಇದಿಷ್ಟನ್ನೂ ಮೊಬೈಲು ಗೋಡೆಗಿಂತ ಚೆನ್ನಾಗಿಯೇ ಮಾಡುತ್ತದೆ ಎಂದು ಒಪ್ಪಿಕೊಳ್ಳಬೇಕು. ಮುಂದಿನ ಹತ್ತು ವರ್ಷದ ಬಹುಳ ಬಿದಿಗೆಗಳನ್ನು ಬೇಕಾದರೆ ಕ್ಷಣದಲ್ಲಿ ತೋರಿಸುತ್ತದೆ. ಅದರ ಒಳಗೆ ತಿಂಗಳೂ ಇಲ್ಲ, ವಾರವೂ ಇಲ್ಲ. 1970ರ ಜನವರಿ 1ರಿಂದ ಎಣಿಸುತ್ತ ಬಂದ ಸೆಕೆಂಡುಗಳ ಒಂದು ಉದ್ದನೆಯ ಅಂಕಿ ಮಾತ್ರ ಇದೆ. ಪೂರ್ತಿ ಸತ್ತುಹೋದ ಹಳೆಯ ಫೋನಿಗೆ ಜೀವ ತುಂಬಿದಾಗ ಕೆಲವೊಮ್ಮೆ ಅದು 1970 ಎಂದು ತೋರಿಸುವುದು ಇದಕ್ಕೇ. ಆ ಒಂದು ಅಂಕಿಯಿಂದ ಯಾವ ಪಂಚಾಂಗವನ್ನು ಬೇಕಾದರೂ ಕಟ್ಟಿಕೊಡಬಹುದು. ಆದ್ದರಿಂದ ಮಾಹಿತಿಯ ಮಟ್ಟಿಗೆ ಹುಡುಗ ಹೇಳಿದ್ದು ಸರಿ. ಕಾಗದದ ಕ್ಯಾಲೆಂಡರಿನ ಹಿರಿಮೆ ಏನಾದರೂ ಇದ್ದರೆ ಅದು ಅಚ್ಚಾದ ಅಕ್ಷರದಲ್ಲಿಲ್ಲ.

ಹಾಗಾದರೆ ಕೈಯಿಂದ ಬರೆದದ್ದನ್ನು ನೋಡಬೇಕು.

ನಮ್ಮ ಕಡೆಯ ಯಾವುದೇ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲು ಬಾರದ ದಿನಕ್ಕೆ ಒಂದು ಗುಣಾಕಾರದ ಗುರುತು ಇರುತ್ತದೆ. ಹೆಚ್ಚಿಗೆ ತೆಗೆದುಕೊಂಡ ದಿನಕ್ಕೆ "1/2" ಅಥವಾ "+1". ಸಿಲಿಂಡರ್ ಹಚ್ಚಿದ ದಿನಕ್ಕೆ "ಗ್ಯಾಸ್". ಎಮ್ಮೆಗೆ ಇಂಜೆಕ್ಷನ್ ಮಾಡಿಸಿದ ದಿನಕ್ಕೆ ಒಂದು ಸುತ್ತು, ಅಲ್ಲಿಂದ ಹತ್ತು ಹಾಳೆ ಮುಂದೆ ಹೋಗಿ ಕರು ಹಾಕುವ ಸುಮಾರಿಗೆ ಇನ್ನೊಂದು ಸುತ್ತು. ಸಂಘದ ಕಂತು. ಕೈಗಡ ಕೊಟ್ಟದ್ದು, ಯಾರಿಗೆಂದು ಬರೆಯದೆ ಬರೀ ಮೊತ್ತ. ಮನೆಯವರಿಗೆ ಗೊತ್ತು, ಬಂದ ನೆಂಟರಿಗೆ ಗೊತ್ತಾಗಬಾರದು. ಯಾರೂ ಇದನ್ನು ಬರವಣಿಗೆ ಎಂದು ಕರೆಯುವುದಿಲ್ಲ. ಎಷ್ಟೋ ಮನೆಗಳಲ್ಲಿ ಮನೆಯ ಹೆಂಗಸರು ವರ್ಷವಿಡೀ ಬರೆಯುವ ಒಂದೇ ಪುಸ್ತಕ ಇದು.

ತಿಂಗಳ ಕೊನೆಗೆ ಹಾಲಿನವಳು ದುಡ್ಡಿಗೆ ಬಂದಾಗ ಏನಾಗುತ್ತದೆ ಎಂದು ಗಮನಿಸಿದ್ದೀರಾ? ಇಬ್ಬರೂ ಕ್ಯಾಲೆಂಡರಿನ ಕೆಳಗೆ ನಿಲ್ಲುತ್ತಾರೆ. "ಅಕ್ಕಾರ, ಹದಿನಾಲ್ಕಕ್ಕ ನಾ ಬಂದಿದ್ನೆಲ್ರೀ, ನೀವ ಊರಿಗೆ ಹೋಗಿದ್ರಿ" ಎಂದು ಅವಳು ಹೇಳಿದರೆ, ಈಕೆ ಹದಿನಾಲ್ಕನೆಯ ಚೌಕದ ಮೇಲೆ ಬೆರಳಿಟ್ಟು ನೆನಪು ಮಾಡಿಕೊಳ್ಳುತ್ತಾಳೆ. ಜಗಳವಾಗಬಹುದು. ಆದರೆ ಜಗಳ ಇಬ್ಬರಿಗೂ ಕಾಣುವ ಒಂದು ವಸ್ತುವಿನ ಎದುರು ನಡೆಯುತ್ತದೆ. ಹಾಲಿನವಳಿಗೆ ಓದಲು ಬಾರದಿದ್ದರೂ ಗುಣಾಕಾರದ ಗುರುತು ಎಷ್ಟಿದೆಯೆಂದು ಎಣಿಸಲು ಬರುತ್ತದೆ. ಅವಳು ದಿನಾ ಬಾಗಿಲಲ್ಲಿ ನಿಂತು ಅದನ್ನು ನೋಡುತ್ತಲೇ ಇದ್ದಾಳೆ; ನಿನ್ನೆ ಇಲ್ಲದ ಗುರುತು ಇವತ್ತು ಹಿಂದಿನ ವಾರದಲ್ಲಿ ಮೂಡಿದರೆ ಅವಳಿಗೆ ತಿಳಿಯುತ್ತದೆ. ಇಬ್ಬರಲ್ಲಿ ಒಬ್ಬರ ಗೋಡೆಯ ಮೇಲಿದ್ದರೂ ಲೆಕ್ಕ ಇಬ್ಬರದೂ ಆಗಿದೆ.

ಅದೇ ಲೆಕ್ಕವನ್ನು ಮನೆಯಾಕೆ ಫೋನಿನಲ್ಲಿ ಬರೆದುಕೊಂಡಳು ಎನ್ನಿ. ಅಂಕಿ ಅದೇ, ಬಹುಶಃ ಇನ್ನೂ ನಿಖರ. ಆದರೆ ಹಾಲಿನವಳಿಗೆ ಕಾಣುವುದು ಫೋನು ಹಿಡಿದ ಕೈ ಮಾತ್ರ. ಅವಳ ಮಾತು ಇನ್ನು ಮೇಲೆ ಒಂದು ಗುರುತಿನ ವಿರುದ್ಧ ಅಲ್ಲ, ಒಬ್ಬ ಮನುಷ್ಯಳ ವಿರುದ್ಧ. "ಇದರಾಗ ಹಂಗ ತೋರಸಾಕತ್ತೈತಿ" ಎಂಬ ಮಾತಿಗೆ ಅವಳ ಬಳಿ ಉತ್ತರವಿಲ್ಲ. ನನ್ನ ಮಟ್ಟಿಗೆ ಕ್ಯಾಲೆಂಡರಿನ ಪ್ರಶ್ನೆ ನೆನಪಿನ ಪ್ರಶ್ನೆಯಾಗಿ ಉಳಿಯದೆ ನ್ಯಾಯದ ಪ್ರಶ್ನೆಯಾಗುವುದು ಇಲ್ಲಿಯೇ. ಒಂದು ದಿನ ನಡೆದದ್ದಕ್ಕೆ ಸಾಕ್ಷಿ ಯಾರು, ಆ ಸಾಕ್ಷಿ ಎಲ್ಲಿರಬೇಕು?

ಹಾಲಿನ ಲೆಕ್ಕದಲ್ಲಿ ಸೋತರೆ ನೂರು ಇನ್ನೂರು ರೂಪಾಯಿ ಹೋದೀತು. ಇನ್ನೂ ದೊಡ್ಡ ಲೆಕ್ಕಗಳಿವೆ.

ಯಲಬುರ್ಗಾ ತಾಲೂಕಿನ ಒಂದು ಹಳ್ಳಿಯಲ್ಲಿ, ವಿದ್ಯಾರ್ಥಿಯೊಬ್ಬಳ ಮನೆಗೆ ಹೋದಾಗ, ಬಾಗಿಲ ಪಕ್ಕ ತೂಗುಹಾಕಿದ್ದ ಕ್ಯಾಲೆಂಡರಿನಲ್ಲಿ ಮೇ ತಿಂಗಳ ಚೌಕಗಳಲ್ಲಿ ಸಾಲಾಗಿ "ಖಾ" ಎಂಬ ಅಕ್ಷರ ನೋಡಿದೆ. ಮೊದಲು ಖಾರಬ್ಯಾಳಿಯೋ ಏನೋ ಎಂದುಕೊಂಡೆ. ಅದು ಖಾತ್ರಿ ಕೆಲಸದ ಗುರುತು. ಹುಡುಗಿಯ ತಾಯಿ ಉದ್ಯೋಗ ಖಾತ್ರಿಯಲ್ಲಿ ಬದು ಹಾಕುವ ಕೆಲಸಕ್ಕೆ ಹೋದ ದಿನಗಳು. ತಾಯಿಗೆ ಬರೆಯಲು ಬರುವುದಿಲ್ಲ. ಸಂಜೆ ಬಂದು ಮಗಳಿಂದ ಬರೆಸುತ್ತಾಳೆ. ಒಂದು ವಾರ ಹದಿನೈದು ದಿನದ ಮೇಲೆ ಬ್ಯಾಂಕಿಗೆ ಜಮೆಯಾದ ದುಡ್ಡನ್ನೂ ಅದೇ ಹಾಳೆಯ ಕೆಳಗೆ ಬರೆಸುತ್ತಾಳೆ. ಹಾಜರಿ ಹೆಚ್ಚು, ದುಡ್ಡು ಕಡಿಮೆ. ಆರು ದಿನದ ವ್ಯತ್ಯಾಸ.

ಹಿಂದೆ ಕೆಲಸದ ಜಾಗದಲ್ಲಿ ಎನ್‌ಎಂಆರ್ ಎಂಬ ಹಾಜರಿ ಹಾಳೆ ಇರುತ್ತಿತ್ತು. ಅದರಲ್ಲಿ ಮೋಸ ಇರಲಿಲ್ಲ ಎಂದು ಯಾರೂ ಹೇಳಲಾರರು. ಕೆಲಸಕ್ಕೆ ಬಾರದವರ ಹೆಸರು ಸೇರಿಸುವುದು, ಯಂತ್ರದಿಂದ ಕೆಲಸ ಮಾಡಿಸಿ ಜನರ ಹೆಸರಲ್ಲಿ ದುಡ್ಡು ಎತ್ತುವುದು ಎಲ್ಲರಿಗೂ ಗೊತ್ತಿದ್ದದ್ದೇ. ಅದನ್ನು ತಡೆಯಲೆಂದು ಎನ್‌ಎಂಎಂಎಸ್ ಎಂಬ ಆ್ಯಪ್ ಬಂತು. 2023ರ ಜನವರಿ 1ರಿಂದ ಅದು ಕಡ್ಡಾಯವಾಯಿತು. ದಿನಕ್ಕೆ ಎರಡು ಸಲ ಕೂಲಿಕಾರರನ್ನು ನಿಲ್ಲಿಸಿ ಫೋಟೊ ತೆಗೆಯಬೇಕು, ಜಾಗದ ಗುರುತಿನೊಂದಿಗೆ ಏರಿಸಬೇಕು. ನಮ್ಮಲ್ಲಿ ಆ ಕೆಲಸ ಕಾಯಕ ಬಂಧುಗಳದ್ದು. ನೆಟ್‌ವರ್ಕ್ ಇಲ್ಲದ ಗುಡ್ಡದ ಮಗ್ಗುಲಲ್ಲಿ ಮಧ್ಯಾಹ್ನದ ಫೋಟೊ ಏರದೇ ಹೋದರೆ ಬೆಳಿಗ್ಗೆಯಿಂದ ಅಗೆದದ್ದು ನಡೆದೇ ಇಲ್ಲ ಎಂದಾಗಬಹುದು. ಮಣ್ಣು ಅಲ್ಲೇ ಬದುವಾಗಿ ಬಿದ್ದಿರುತ್ತದೆ, ದಿನ ಮಾತ್ರ ಇರುವುದಿಲ್ಲ.

ಆ ತಾಯಿ ಪಂಚಾಯ್ತಿಗೆ ಹೋಗಿ ಕೇಳಿದ್ದಾಳೆ. ಕಂಪ್ಯೂಟರಿನಲ್ಲಿ ಇಲ್ಲ ಎಂದು ಹೇಳಿ ಕಳಿಸಿದ್ದಾರೆ. ಮಗಳು ಕ್ಯಾಲೆಂಡರಿನ ಹಾಳೆಯನ್ನೇ ಕಿತ್ತು ಒಯ್ಯೋಣ ಎಂದಳಂತೆ. ತಾಯಿ ಒಪ್ಪಲಿಲ್ಲ. "ಹಾಳಿ ಕಿತ್ತ ಒಯ್ದ್ರ ಅದು ಅವರ ಕೈಗೆ ಹೋಕ್ಕೈತಿ. ಗ್ವಾಡಿಮ್ಯಾಲ ಇದ್ರ ನಂದು" ಎಂದಳು ನನ್ನ ಮುಂದೆ. ಸಾಕ್ಷ್ಯದ ಬಗ್ಗೆ ನಾನು ಓದಿದ ಯಾವ ಪುಸ್ತಕವೂ ವಿಷಯವನ್ನು ಇಷ್ಟು ಹತ್ತಿರದಿಂದ ಮುಟ್ಟಿಲ್ಲ.

ಕಾನೂನಿನ ಕಣ್ಣಿಗೆ ಮಗಳು ಬರೆದ "ಖಾ" ಯಾವ ಪುರಾವೆಯೂ ಅಲ್ಲ, ಯಾರು ಬೇಕಾದರೂ ಎಷ್ಟು ಬೇಕಾದರೂ ಬರೆದುಕೊಳ್ಳಬಹುದು ಎನ್ನುವುದು ನಿಜ. ಆದರೆ ಪುರಾವೆಯಾಗುವುದಕ್ಕೆ ಮುಂಚೆ ದಾಖಲೆಗೆ ಇನ್ನೊಂದು ಕೆಲಸವಿದೆ. ಅದು ಮನುಷ್ಯನಿಗೆ ತನ್ನ ಮೇಲೆ ತನಗಿರುವ ನಂಬಿಕೆಯನ್ನು ಕಾಯುತ್ತದೆ. ದೊಡ್ಡ ಯಂತ್ರವೊಂದು "ನೀನು ಆ ದಿನ ಅಲ್ಲಿರಲಿಲ್ಲ" ಎಂದಾಗ ಮೊದಲು ಅಲುಗಾಡುವುದು ನಮ್ಮ ನೆನಪೇ. ಇದ್ದೆನೋ ಇರಲಿಲ್ಲವೋ, ಅದು ಬುಧವಾರವೋ ಗುರುವಾರವೋ. ಆ ಹೆಂಗಸು ಅಲುಗಾಡಲಿಲ್ಲ. ಅಲ್ಲಿ ಇದ್ದೆ ಎಂದು ಅವಳಿಗೆ ಗೊತ್ತು, ಅದೇ ಸಂಜೆ ಬರೆಸಿದ್ದಾಳೆ. ಆರು ದಿನ ಎಂದು ಬೆರಳು ತೋರಿಸಿ ಹೇಳುತ್ತಾಳೆ, ಸುಮಾರು ಆರು ಎನ್ನುವುದಿಲ್ಲ.

ಒಂದು ವಿಚಿತ್ರವೆಂದರೆ ಉದ್ಯೋಗ ಖಾತ್ರಿಯ 2005ರ ಕಾನೂನಿಗೇ ಈ ಗೋಡೆಯ ಮಹತ್ವ ಗೊತ್ತಿತ್ತು. ಜಾಬ್ ಕಾರ್ಡು ಕೂಲಿಕಾರರ ಮನೆಯಲ್ಲೇ ಇರಬೇಕು, ಮಾಡಿದ ದಿನ ಮತ್ತು ಕೊಟ್ಟ ಕೂಲಿಯನ್ನು ಅದರಲ್ಲಿ ಬರೆಯಬೇಕು ಎಂಬ ಏರ್ಪಾಡು ಅದರಲ್ಲಿತ್ತು. ಎಂದರೆ ಸರ್ಕಾರವೇ ಪ್ರತಿ ಮನೆಗೂ ಒಂದು ಕ್ಯಾಲೆಂಡರು ಕೊಟ್ಟ ಹಾಗೆ. ನಾನು ನೋಡಿದ ಕಾರ್ಡುಗಳಲ್ಲಿ ಫೋಟೊ ಅಂಟಿಸಿದ ಮೊದಲ ಪುಟ ತುಂಬಿತ್ತು, ಒಳಗಿನ ಪುಟಗಳು ಹೊಸ ನೋಟುಪುಸ್ತಕದ ಹಾಗೆ ಖಾಲಿ ಇದ್ದವು.

ಇಲ್ಲಿ ತತ್ತ್ವಶಾಸ್ತ್ರ ಓದಿದವರು ಒಂದು ಆಕ್ಷೇಪ ಎತ್ತಬಹುದು. ಪ್ಲೇಟೋನ 'ಫೀಡ್ರಸ್' ಸಂವಾದದಲ್ಲಿ ಸಾಕ್ರಟೀಸ್ ಒಂದು ಈಜಿಪ್ಟಿನ ಕಥೆ ಹೇಳುತ್ತಾನೆ. ಥೂಥ್ ಎಂಬ ದೇವತೆ ಬರವಣಿಗೆಯನ್ನು ಕಂಡುಹಿಡಿದು ರಾಜ ಥಾಮುಸ್‌ನ ಮುಂದೆ ಇಡುತ್ತಾನೆ. ರಾಜ ಮೆಚ್ಚುವುದಿಲ್ಲ, ಇದರಿಂದ ಜನ ಹೊರಗಿನ ಗುರುತುಗಳನ್ನು ನಂಬಿ ಒಳಗಿನ ನೆನಪನ್ನು ಕಳೆದುಕೊಳ್ಳುತ್ತಾರೆ ಎನ್ನುತ್ತಾನೆ. ಹಾಗೆ ನೋಡಿದರೆ ಗೋಡೆಯ ಕ್ಯಾಲೆಂಡರೂ ಮೊಬೈಲಿನ ಅಣ್ಣನೇ. ಎರಡೂ ನೆನಪನ್ನು ತಲೆಯಿಂದ ಹೊರಗೆ ಇಡುತ್ತವೆ. ಈ ಆಕ್ಷೇಪ ನನಗೆ ಒಪ್ಪಿಗೆ. ಅದಕ್ಕೇ ನಾನು ಕಾಗದ ನೆನಪನ್ನು ಉಳಿಸುತ್ತದೆ ಎಂಬ ವಾದ ಹೂಡುತ್ತಿಲ್ಲ. ರಾಜ ಥಾಮುಸ್ ಕೇಳದೇ ಬಿಟ್ಟ ಪ್ರಶ್ನೆ ನನ್ನದು. ನೆನಪನ್ನು ಹೊರಗೆ ಇಡುವುದೇ ಆದರೆ ಎಲ್ಲಿ ಇಡಬೇಕು, ಅದರ ಬೀಗದ ಕೈ ಯಾರ ಹತ್ತಿರ ಇರಬೇಕು? ರಾಜನಾದವನಿಗೆ ಆ ಪ್ರಶ್ನೆ ಹೊಳೆಯದಿರುವುದು ಸಹಜ.

ನಮ್ಮ ನೆಲದ ಜನರಿಗೆ ಇದು ಹಳೆಯ ಪ್ರಶ್ನೆ. ಇಟಗಿಯ ಮಹಾದೇವ ದೇವಾಲಯದ 1112ರ ಶಾಸನವನ್ನು ಶಿಲ್ಪದ ಸೊಬಗಿಗೆ ಸಂಬಂಧಿಸಿ ಎಲ್ಲರೂ ನೆನೆಯುತ್ತಾರೆ, ಏಕೆಂದರೆ ಗುಡಿಯನ್ನು ದೇವಾಲಯ ಚಕ್ರವರ್ತಿ ಎಂದು ಕರೆದದ್ದು ಅಲ್ಲಿಯೇ. ಆದರೆ ನಮ್ಮ ದಾನಶಾಸನಗಳ ಕಟ್ಟಡವನ್ನೇ ಒಮ್ಮೆ ನೋಡಿ. ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ, ಗ್ರಹಣವಿದ್ದರೆ ಗ್ರಹಣ. ಒಂದು ದಿನವನ್ನು ಇಷ್ಟು ಕಡೆಯಿಂದ ಕಟ್ಟಿಹಾಕುವುದು ಮುಂದೆ ಯಾರೂ ಅದನ್ನು ಸರಿಸಬಾರದೆಂದು. ಹಾಗೆ ಕಟ್ಟಿದ ದಿನವನ್ನು ಅರಮನೆಯ ಕೋಣೆಯಲ್ಲಿ ಇಡುವುದಿಲ್ಲ. ಗುಡಿಯ ಮುಂದೆ, ಹೊಲದ ಗಡಿಯಲ್ಲಿ, ಹೋಗಿ ಬರುವವರ ಕಣ್ಣಿಗೆ ಬೀಳುವಲ್ಲಿ ನೆಡುತ್ತಾರೆ. ಕೊನೆಗೆ ಅಳಿಸಿದವನಿಗೆ ಶಾಪವನ್ನೂ ಕೆತ್ತುತ್ತಾರೆ. ಆ ಕಲ್ಲುಗಳು ಬಲ್ಲಿದರ ದಾನವನ್ನೇ ಹೇಳುತ್ತವೆ, ಕೂಲಿಯವರ ದಿನವನ್ನಲ್ಲ ಎಂಬುದನ್ನು ಮರೆಯಬಾರದು. ಆದರೂ ದಾಖಲೆ ಎಲ್ಲರಿಗೂ ಕಾಣಬೇಕು ಎಂಬ ತಿಳಿವಳಿಕೆ ಅಲ್ಲಿತ್ತು.

ಕಾಣದ ದಾಖಲೆ ಎಂದರೆ ಏನೆಂದೂ ನಮಗೆ ಗೊತ್ತು. ಹೈದರಾಬಾದ್ ನಿಜಾಮರ ಕಾಲದಲ್ಲಿ ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗರ ಜಹಗೀರಾಗಿದ್ದವು. ಆಗಿನ ಜಮೀನಿನ ಕಾಗದಗಳನ್ನು ಇಂದಿಗೂ ಮನೆಯ ಟ್ರಂಕಿನಲ್ಲಿ ಇಟ್ಟುಕೊಂಡವರಿದ್ದಾರೆ. ಭಾಷೆ ಉರ್ದು, ವರ್ಷ ಫಸಲಿ, ತಿಂಗಳು ಆಜೂರ್, ದೈ, ಬಹಮನ್. ಫಸಲಿ ಎಂದರೆ ಬೆಳೆಯ ಲೆಕ್ಕದ ವರ್ಷ. ಕಂದಾಯ ಎತ್ತುವ ಅನುಕೂಲಕ್ಕೆ ಹುಟ್ಟಿದ್ದು. ಹೈದರಾಬಾದಿನಲ್ಲಿ ಅದು ಅಕ್ಟೋಬರ್ ಮೊದಲ ವಾರ ಶುರುವಾಗುತ್ತಿತ್ತು. ಕಾಗದದ ಮೇಲೆ ಫಸಲಿ 1357 ಎಂದಿದ್ದರೆ ಅದು 1947ರ ಅಕ್ಟೋಬರಿನಿಂದ ಮುಂದಿನ ಅಕ್ಟೋಬರಿನವರೆಗೆ. ದೇಶಕ್ಕೆ ಸ್ವಾತಂತ್ರ್ಯ ಬಂದ 1947ರ ಆಗಸ್ಟ್ 15 ಇಲ್ಲಿನ ಸರ್ಕಾರಿ ಲೆಕ್ಕದಲ್ಲಿ ಫಸಲಿ 1356ರ ಒಂದು ಸಾಮಾನ್ಯ ದಿನ. ನಮ್ಮ ಬಿಡುಗಡೆ 1948ರ ಸೆಪ್ಟೆಂಬರಿಗೆ. ಬೆಳೆ ರೈತನದು, ಬೆಳೆಯ ಹೆಸರಿನ ವರ್ಷ ದಫ್ತರದ್ದು. ಹೊಲದಲ್ಲಿ ಅವನು ಹುಣ್ಣಿವಿ ಅಮಾಸಿ ಎಣಿಸುತ್ತಿದ್ದ, ದಫ್ತರದಲ್ಲಿ ಅವನ ಬಾಕಿಯನ್ನು ಬೇರೊಂದು ತಿಂಗಳಿನಲ್ಲಿ ಬರೆಯುತ್ತಿದ್ದರು. ತನ್ನ ಬಾಕಿ ಎಷ್ಟೆಂದು ತಿಳಿಯಲು ಇನ್ನೊಬ್ಬರ ಬಾಯನ್ನೇ ನೋಡಬೇಕು. ಈಗ ಸರ್ವರಿನಲ್ಲಿ ಕೂತಿರುವ ಹಾಜರಿಗೂ ಆ ಫಸಲಿ ಕಾಗದಕ್ಕೂ ನಡುವೆ ಇರುವ ದೂರ ನಾವು ಅಂದುಕೊಂಡಷ್ಟು ದೊಡ್ಡದಲ್ಲ.

ಗೋಡೆಯ ಕ್ಯಾಲೆಂಡರು ದಫ್ತರದ ಜೊತೆ ಮಾತ್ರವಲ್ಲ, ಪಂಚಾಂಗದ ಜೊತೆಗೂ ತಕರಾರು ಮಾಡುತ್ತದೆ. ಇದು ನನಗೆ ಬಹಳ ಇಷ್ಟವಾದ ಸಂಗತಿ. ಕುಷ್ಟಗಿ, ಯಲಬುರ್ಗಾದ್ದು ಬಹುಪಾಲು ಮಳೆ ನಂಬಿದ ಬೇಸಾಯ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುವುದರಿಂದ ಅಷ್ಟು ದಿನಕ್ಕೊಂದು ಮಳೆಯ ಹೆಸರು. ಜೂನ್ 7, 8ರ ಸುಮಾರಿಗೆ ಮೃಗಶಿರಾ, ಆಮೇಲೆ ಆರಿದ್ರಾ. ಹಿಂಗಾರಿ ಬಿಳಿಜೋಳಕ್ಕೆ ಸೆಪ್ಟೆಂಬರಿನ ಉತ್ತರಿ, ಹಸ್ತ. ಕ್ಯಾಲೆಂಡರು ಮಳೆಯ ಹೆಸರು ಅಚ್ಚು ಮಾಡುತ್ತದೆ, ಅದು ಎತ್ತಿನ ಮೇಲೆ ಬಂತೋ ಕತ್ತೆಯ ಮೇಲೆ ಬಂತೋ ಎಂದೂ ಕೆಲವರು ಹೇಳುತ್ತಾರೆ. ರೈತ ಅದರ ಪಕ್ಕದಲ್ಲೇ ಪೆನ್ನಿನಿಂದ "ಇಲ್ಲ" ಎಂದು ಬರೆಯುತ್ತಾನೆ. ಅಥವಾ "ಹದ ಆತು". ಹಾಗೆ ಬರೆದ ನಾಲ್ಕಾರು ವರ್ಷದ ಹಳೆಯ ಕ್ಯಾಲೆಂಡರುಗಳನ್ನು ಸುರುಳಿ ಸುತ್ತಿ ಜಂತಿಯ ಸಂದಿಗೆ ಸಿಗಿಸಿಟ್ಟವರನ್ನು ನೋಡಿದ್ದೇನೆ. ಅಚ್ಚಾದದ್ದು ಶಾಸ್ತ್ರ, ಬರೆದದ್ದು ಅನುಭವ, ಎರಡೂ ಒಂದೇ ಚೌಕದಲ್ಲಿ.

ಗಂಗಾವತಿಯ ನೀರಾವರಿ ಕಡೆ ಮಳೆ ನಕ್ಷತ್ರಕ್ಕೆ ಅಷ್ಟು ಬೆಲೆಯಿಲ್ಲ. ಅಲ್ಲಿ ಕಾಲ ನಡೆಯುವುದು ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಡುವ ದಿನದಿಂದ. ಆ ತಾರೀಖು ಯಾವ ಪಂಚಾಂಗದಲ್ಲೂ ಅಚ್ಚಾಗಿರುವುದಿಲ್ಲ, ನೀರಾವರಿ ಸಲಹಾ ಸಮಿತಿಯ ಸಭೆ ಮುಗಿದ ಮೇಲೆಯೇ ಗೊತ್ತಾಗುವುದು. ಭತ್ತದ ರೈತರೊಬ್ಬರ ಮನೆಯ 2024ರ ಕ್ಯಾಲೆಂಡರಿನಲ್ಲಿ ಆಗಸ್ಟ್ 11ರ ಚೌಕದಲ್ಲಿ "ಗೇಟ್ ಹೋತು" ಎಂದು ಬರೆದಿತ್ತು. ಹಿಂದಿನ ರಾತ್ರಿ ಜಲಾಶಯದ 19ನೆಯ ಕ್ರಸ್ಟ್ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಗಿತ್ತು. ನಾಟಿ ಮಾಡಿದ ಗದ್ದೆ ಮುಂದಿಟ್ಟುಕೊಂಡು, ತಾತ್ಕಾಲಿಕ ಗೇಟು ಕೂಡಿಸುವವರೆಗಿನ ಸುಮಾರು ಒಂದು ವಾರ ಆ ಮನೆ ಹೇಗೆ ಕಳೆಯಿತೋ. ಆ ಏಳೂ ಚೌಕಗಳಲ್ಲಿ ಏನೂ ಬರೆದಿರಲಿಲ್ಲ. ಹಾಲಿನ ಗುರುತೂ ಇಲ್ಲ.

ಇಷ್ಟೆಲ್ಲ ಹೇಳಿ ಗೋಡೆಯನ್ನು ದೇವರು ಮಾಡುವ ಮನಸ್ಸಿಲ್ಲ. ಎಲ್ಲರಿಗೂ ಕಾಣುವುದು ಎಲ್ಲರಿಗೂ ಒಳ್ಳೆಯದಲ್ಲ. ಮುಟ್ಟಿನ ದಿನವನ್ನು ಸೊಸೆ ಕ್ಯಾಲೆಂಡರಿನಲ್ಲಿ ಒಂದು ಚುಕ್ಕೆಯಾಗಿ ಇಡುತ್ತಿದ್ದಳು. ಆ ಚುಕ್ಕೆಯನ್ನು ಅತ್ತೆ ಓದುತ್ತಿದ್ದಳು, ತಿಂಗಳು ತಿಂಗಳೂ ಬಂದರೆ ಒಂದು ಮಾತು, ಬಾರದಿದ್ದರೆ ಇನ್ನೊಂದು ಮಾತು. ನನ್ನ ವಿದ್ಯಾರ್ಥಿನಿಯರು ಈಗ ಅದನ್ನು ಫೋನಿನಲ್ಲಿ ಇಟ್ಟುಕೊಳ್ಳುತ್ತಾರೆ. ಅದು ಅವರಿಗೆ ಸಿಕ್ಕ ಸಣ್ಣ ಬಿಡುಗಡೆ, ಯಾವ ಕಾಗದದ ಗುಣಗಾನಕ್ಕಾಗಿಯೂ ಅದನ್ನು ವಾಪಸು ಕೇಳಬಾರದು. ಆ ಆ್ಯಪಿನ ಕಂಪನಿಗೆ ಆ ಲೆಕ್ಕ ಹೋಗುತ್ತದಲ್ಲ ಎಂದು ಹೇಳಿದರೆ, "ಕಂಪನಿಯವ್ರು ನಮ್ಮನಿಗೆ ಬಂದು ಮಾತಾಡಂಗಿಲ್ಲಲ್ರೀ ಸರ್" ಎಂದು ಒಬ್ಬಳು ಬಾಯಿ ಮುಚ್ಚಿಸಿದಳು. ರಾಹುಕಾಲ ಗುಳಿಕಕಾಲಗಳನ್ನು ಅಚ್ಚು ಮಾಡಿ ಮಾಡಿ ದಿನದ ಒಂದೊಂದು ತುಂಡಿಗೂ ಭಯ ತುಂಬಿದ ಪಾಪವೂ ಇದೇ ಕ್ಯಾಲೆಂಡರಿನದು.

ಇನ್ನೂ ಗಟ್ಟಿಯಾದ ಆಕ್ಷೇಪ ಒಂದಿದೆ. ಗೋಡೆಯ ಕ್ಯಾಲೆಂಡರಿಗೆ ಗೋಡೆ ಬೇಕು. ಸುಗ್ಗಿ ಮುಗಿದ ಮೇಲೆ ನಮ್ಮ ಒಣ ತಾಲೂಕುಗಳಿಂದ ಬೆಂಗಳೂರಿಗೆ, ಮಂಗಳೂರಿಗೆ, ಗೋವಾಕ್ಕೆ ಗುಳೆ ಹೋಗುವವರು ತಗಡಿನ ಶೆಡ್ಡಿನಲ್ಲಿರುತ್ತಾರೆ. ಅಲ್ಲಿ ಹಾಜರಿ ಮೇಸ್ತ್ರಿಯ ಕಿಸೆಯ ಡೈರಿಯಲ್ಲಿ. ಕಾಗದವೇ ಹೌದು, ಆದರೆ ಮೇಸ್ತ್ರಿಯ ಕಾಗದ. ಅಂಥ ಕಡೆ ಕೂಲಿಕಾರನ ಕೈಯಲ್ಲಿರುವ ಅಗ್ಗದ ಫೋನೇ ಅವನ ಗೋಡೆ. ಬೇಸಿಗೆ ರಜೆಯಲ್ಲಿ ಗಾರೆ ಕೆಲಸಕ್ಕೆ ಹೋಗಿ ಬರುವ ನನ್ನ ಒಬ್ಬ ವಿದ್ಯಾರ್ಥಿ ಪ್ರತಿ ಶನಿವಾರ ಮೇಸ್ತ್ರಿಯ ಡೈರಿಯ ಪುಟದ ಫೋಟೊ ತೆಗೆದು ಅಣ್ಣನಿಗೆ ಕಳಿಸುತ್ತಾನಂತೆ. ಅಣ್ಣ ಊರಿನಲ್ಲಿ ಅದನ್ನು ನೋಡಿ ಮನೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಾನೆ. ಒಂದು ಸಲ ಲೆಕ್ಕ ಹರಿಯುವಾಗ ಮೇಸ್ತ್ರಿ ಮೂರು ದಿನ ಕಡಿಮೆ ಹೇಳಿದನಂತೆ; ಇವನು ಫೋಟೊ ತೋರಿಸಿದ. ಮೇಸ್ತ್ರಿ ದುಡ್ಡು ಕೊಟ್ಟ. ಮುಂದಿನ ವಾರದಿಂದ ಡೈರಿ ತೋರಿಸುವುದನ್ನೇ ಬಿಟ್ಟ.

ಹಾಗಾಗಿ ಕಾಗದವೋ ಮೊಬೈಲೋ ಎಂದು ಎರಡು ಪಕ್ಷ ಕಟ್ಟಿ ಚರ್ಚಾಸ್ಪರ್ಧೆ ನಡೆಸುವುದು ನನಗೆ ಬೇಕಿಲ್ಲ. ಕಾಲೇಜಿನಲ್ಲಿ ನನ್ನ ಹಾಜರಿಯನ್ನು ಬೆರಳಚ್ಚಿನ ಯಂತ್ರ ಬರೆದುಕೊಳ್ಳುತ್ತದೆ, ತಿಂಗಳಿಗೆ ಸರಿಯಾಗಿ ಪಗಾರ ಬರುತ್ತದೆ. ನನಗೆ ಗೋಡೆಯ ಕ್ಯಾಲೆಂಡರು ಇಲ್ಲದಿದ್ದರೂ ನಡೆಯುತ್ತದೆ. ಯಂತ್ರ ತಪ್ಪಿದರೆ ಅರ್ಜಿ ಬರೆಯಲು ಬರುತ್ತದೆ, ಬರೆದ ಅರ್ಜಿಯನ್ನು ಓದುವವರೂ ಇದ್ದಾರೆ. ಅದರ ಉಪಯೋಗದ ಬಗ್ಗೆ ಪತ್ರಿಕೆಗಳಲ್ಲಿ ಬರೆಯುವವರು ನನ್ನಂಥವರೇ, ಅದನ್ನು ನಿಜವಾಗಿ ಉಪಯೋಗಿಸುವವರು ಬೇರೆಯವರು. ಯಾರ ದಿನವನ್ನು ಇನ್ನೊಬ್ಬರು ಸುಲಭವಾಗಿ ಇಲ್ಲ ಎನ್ನಬಹುದೋ ಅವರಿಗೆ ತಮ್ಮ ದಿನ ತಮ್ಮ ಕೈಯಲ್ಲಿ ಇರಬೇಕಾಗುತ್ತದೆ. ಆ್ಯಪ್ ಮಾಡುವವರು ಕೂಲಿಕಾರಳ ಫೋಟೊ ತೆಗೆದುಕೊಂಡ ಮೇಲೆ ಅವಳ ಕೈಗೆ ಅದೇ ಸಂಜೆ ಒಂದು ಚೀಟಿ ಕೊಡಬೇಕು ಎಂದು ಏಕೆ ಯೋಚಿಸಲಿಲ್ಲ? ಬಸ್ಸಿನಲ್ಲಿ ಕೊಪ್ಪಳದಿಂದ ಕುಷ್ಟಗಿಗೆ ಹೋದರೆ ಕಂಡಕ್ಟರ್ ಚೀಟಿ ಕೊಡುತ್ತಾನೆ. ಒಂದು ದಿನವಿಡೀ ಮಣ್ಣು ಅಗೆದದ್ದಕ್ಕೆ ಅಷ್ಟೂ ಇಲ್ಲ.

ಯಲಬುರ್ಗಾ ತಾಲೂಕಿನ ಆ ಮನೆಗೆ ಈ ವರ್ಷ ಜಾತ್ರೆಯ ಹೊತ್ತಿಗೆ ಮತ್ತೆ ಹೋಗಿದ್ದೆ. ಗೋಡೆಯ ಮೇಲೆ ಹೊಸ ಕ್ಯಾಲೆಂಡರು ಬಂದಿತ್ತು, ಯಾವುದೋ ಬೀಜದ ಕಂಪನಿಯದು. ಜನವರಿ 1ರ ಚೌಕದಲ್ಲಿ ಮಗಳ ಅಕ್ಷರದಲ್ಲಿ "ಹಿಂದಿನ ಬಾಕಿ 6" ಎಂದಿತ್ತು. ಹಳೆಯದೆಲ್ಲಿ ಎಂದು ಕೇಳಿದೆ. ತಾಯಿ ಮೊಳೆಯ ಕಡೆ ಕೈ ತೋರಿಸಿದಳು. ಹೊಸದರ ಹಿಂದೆ ಅದೂ ತೂಗುತ್ತಿತ್ತು, ಮೇ ತಿಂಗಳ ಹಾಳೆ ಮೇಲೆ ಮಾಡಿ.